ಗುಂಯ್ ಅಂದು ನಿಂತ ಮೋಟಾರ್: ಈಜುಕೊಳದ ಪಂಪ್ ರಿಪೇರಿಯ ನನ್ನ ಅನುಭವ

ಸಕಲೇಶಪುರದ ಸುತ್ತಮುತ್ತ ಹೋಂಸ್ಟೇಗಳಿಗೆ ಈಗ ಕಾಫಿ ತೋಟ ಇದ್ದರೆ ಸಾಲದು, ಈಜುಕೊಳವೂ ಬೇಕು. ಮಳೆಗಾಲದಲ್ಲಿ ಅದಕ್ಕೆ ಇಳಿಯುವವರಿಲ್ಲ, ಪಂಪಿನ ಕಡೆ ಯಾರೂ ತಲೆ ಹಾಕುವುದಿಲ್ಲ. ದಸರಾ ರಜೆಗೆ ಬುಕಿಂಗ್ ಶುರುವಾದಾಗ ಸ್ವಿಚ್ ಹಾಕುತ್ತಾರೆ, ಮೋಟಾರ್ ಸ್ಟಾರ್ಟ್ ಆಗುವುದಿಲ್ಲ, ನನಗೆ ಫೋನ್ ಬರುತ್ತದೆ.

ಫೋನಿನಲ್ಲೇ ನಾನು ಕೇಳುವುದು ಒಂದೇ: ಸ್ವಿಚ್ ಹಾಕಿದಾಗ ಸದ್ದು ಹೇಗೆ ಬರುತ್ತೆ? ಏನೂ ಸದ್ದಿಲ್ಲ ಅಂದರೆ ಬಹುಮಟ್ಟಿಗೆ ಕರೆಂಟೇ ಮೋಟಾರಿಗೆ ಮುಟ್ಟಿಲ್ಲ. ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಟೈಮರ್, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ, ತೆಗೆಯುವ ದೊಡ್ಡ ಸ್ವಿಚ್) ನೋಡಬೇಕು. ಕಾಂಟ್ಯಾಕ್ಟರ್ ಪಾಯಿಂಟಿನ ನಡುವೆ ಇರುವೆಯೋ ಹಲ್ಲಿಯೋ ಸುಟ್ಟು ಕೂತಿರುವುದು ನಮ್ಮ ಕಡೆ ಮಾಮೂಲು. ಹಾಕಿದ ತಕ್ಷಣ ಟ್ರಿಪ್ ಆದರೆ ಟರ್ಮಿನಲ್ ಬಾಕ್ಸಿಗೆ ನೀರಿಳಿದಿರಬಹುದು, ವೈಂಡಿಂಗ್ (ಮೋಟಾರಿನೊಳಗೆ ಸುತ್ತಿದ ತಂತಿ) ಶಾರ್ಟ್ ಇರಬಹುದು. ಗುಂಯ್ ಅನ್ನುತ್ತೆ, ತಿರುಗಲ್ಲ ಅಂದರೆ ಹೆಚ್ಚಿನ ಸಲ ವೈಂಡಿಂಗ್ ಚೆನ್ನಾಗಿಯೇ ಇರುತ್ತದೆ. ಆದರೂ ಜನ ಮೊದಲು ಅನುಮಾನಿಸುವುದು ಅದನ್ನೇ.

ಹೋದ ವರ್ಷ ಒಬ್ಬ ಪ್ಲಾಂಟರ್ ಮನೆಯಲ್ಲಿ ಹೀಗೇ ಆಯಿತು. ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಪಂಪು. ನಾನು ಹೋಗುವಷ್ಟರಲ್ಲಿ ಬೇರೆ ಯಾರೋ ಬಂದು ಹೊಸ ಕೆಪ್ಯಾಸಿಟರ್ (ಮೋಟಾರ್ ತಿರುಗಲು ಶುರುವಾಗುವುದಕ್ಕೆ ನೆರವಾಗುವ ಬಿಡಿಭಾಗ) ಹಾಕಿ ಹೋಗಿದ್ದರು. ಗುಂಯ್ ಹಾಗೇ ಇತ್ತು.

"ಏನಪ್ಪಾ, ಬಿಚ್ಚಿ ಹಾಸನಕ್ಕೆ ರೀವೈಂಡಿಂಗ್‌ಗೆ ಕಳಿಸಿಬಿಡಾಣ್ವಾ? ಶನಿವಾರ ಗೆಸ್ಟ್ ಬರ್ತಾರೆ" ಅಂದರು ಮನೆಯ ಯಜಮಾನ ಗೌಡರು.

"ತಡೀರಿ ಗೌಡ್ರೇ, ನೋಡಣ. ಬಿಚ್ಚೋದು ಎಷ್ಟೊತ್ತಿನ ಕೆಲಸ?"

ಎಂಸಿಬಿ ಇಳಿಸಿ, ಇನ್ಯಾರೂ ಎತ್ತದ ಹಾಗೆ ಬೋರ್ಡಿನ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದೆ. ಮೋಟಾರಿನ ಹಿಂದಿನ ಫ್ಯಾನ್ ಕವರ್ ತೆಗೆದು ಫ್ಯಾನನ್ನು ಕೈಯಲ್ಲೇ ತಿರುಗಿಸಿದೆ. ಸಲೀಸಾಗಿ ತಿರುಗಿತು. ಬೇರಿಂಗ್ ಹಿಡಿದಿದ್ದರೆ, ಇಲ್ಲವೇ ಕಸ ಹಿಡಿಯುವ ಸ್ಟ್ರೈನರ್ ಬುಟ್ಟಿ ಒಡೆದು ಸಿಲ್ವರ್ ಓಕ್ ಎಲೆಯೋ ಕಲ್ಲೋ ನೀರು ತಳ್ಳುವ ಚಕ್ರಕ್ಕೆ (ಇಂಪೆಲ್ಲರ್) ಸಿಕ್ಕಿದ್ದರೆ ಇಲ್ಲೇ ಗೊತ್ತಾಗುತ್ತದೆ. ಕೆಪ್ಯಾಸಿಟರನ್ನು ಬಲ್ಬಿನ ಮೂಲಕ ಡಿಸ್ಚಾರ್ಜ್ ಮಾಡಿ ಅಳೆದೆ. ಮೇಲೆ 36 ಮೈಕ್ರೋಫ್ಯಾರಡ್ ಅಂತಿತ್ತು, ಮೀಟರ್ 35 ತೋರಿಸಿತು. ಸರಿಯಾಗಿದೆ. ವೈಂಡಿಂಗಿನಿಂದ ಮೋಟಾರಿನ ಮೈಗೆ ಕರೆಂಟ್ ಸೋರುತ್ತಿದೆಯೇ ಅಂತ ನೋಡುವ 500 ವೋಲ್ಟಿನ ಮೆಗ್ಗರ್ ಹಾಕಿದರೆ 20 ಮೆಗಾಓಮ್‌ಗಿಂತ ಮೇಲೆ. ಒಂದಕ್ಕಿಂತ ಕೆಳಗಿದ್ದರೆ ಮೋಟಾರಿಗೆ ತೇವ ಹಿಡಿದಿದೆ ಅಂತ ಪಕ್ಕದಲ್ಲಿ ದೊಡ್ಡ ಬಲ್ಬಿಟ್ಟು ಒಣಗಿಸುತ್ತಿದ್ದೆ. ಅದೂ ಬೇಕಾಗಲಿಲ್ಲ.

ಉಳಿದದ್ದು ವೋಲ್ಟೇಜು. ಮೋಟಾರ್ ಆಫ್ ಇದ್ದಾಗ ಪಂಪ್ ರೂಮಿನಲ್ಲಿ 228. ಮೊದಲು ಬಂದವರೂ ಇಷ್ಟನ್ನು ನೋಡಿ ಬಿಟ್ಟಿರಬೇಕು. ಲೋಡ್ ಇಲ್ಲದಾಗ ಅಳೆದ ವೋಲ್ಟೇಜನ್ನು ನಾನು ನಂಬುವುದಿಲ್ಲ. ಅದಕ್ಕೇ ನನ್ನ ಚೀಲದಲ್ಲಿ ಹಳೇ ಕಾಲದ ನೂರು ವ್ಯಾಟಿನ ಬಲ್ಬು, ಹೋಲ್ಡರು ಈಗಲೂ ಇದೆ. ಪಂಪ್ ರೂಮಿನ ಎಲ್‌ಇಡಿ ದೀಪ ವೋಲ್ಟೇಜ್ ಬಿದ್ದರೂ ಹಾಗೇ ಉರಿಯುತ್ತದೆ, ಏನೂ ಹೇಳುವುದಿಲ್ಲ. ಹಳೇ ಬಲ್ಬನ್ನು ಮೋಟಾರಿನ ಟರ್ಮಿನಲ್ಲಿಗೆ ಹಚ್ಚಿ ಗೌಡರ ಮಗನಿಗೆ ಸ್ವಿಚ್ ಹಾಕಲು ಹೇಳಿದೆ. ತಂತಿ ಕೆಂಪಗಾಗಿ ಕುಗ್ಗಿತು. ಮೀಟರಿನಲ್ಲಿ 150. ತಕ್ಷಣ ಆಫ್ ಮಾಡಿಸಿದೆ. ತಿರುಗದ ಮೋಟಾರಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕರೆಂಟ್ ಕೊಡಬಾರದು, ಆಗ ನಿಜಕ್ಕೂ ವೈಂಡಿಂಗ್ ಹೋಗುತ್ತದೆ.

ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230ರ ಬದಲು 150 ಸಿಕ್ಕರೆ ಬಲ ಅರ್ಧಕ್ಕೂ ಕಡಿಮೆ, ಹೆಚ್ಚು ಕಡಿಮೆ ಶೇ. 43. ಪಾಪ, ಮೋಟಾರ್ ಎಲ್ಲಿಂದ ತಿರುಗೀತು?

ಗೌಡರು "ಲೈನ್ ವೋಲ್ಟೇಜೇ ಹಿಂಗೆ ಬಿಡು" ಅಂದರು. ಮನೆಯ ಮೇನ್ ಬೋರ್ಡಿನಲ್ಲಿ ಮೀಟರ್ ಹಿಡಿದು ಮತ್ತೆ ಸ್ವಿಚ್ ಹಾಕಿಸಿದೆ. ಅಲ್ಲಿ 215ಕ್ಕಿಂತ ಕೆಳಗೆ ಬೀಳಲಿಲ್ಲ. ಅಂದರೆ ಲೈನಿನದ್ದಲ್ಲ, ಬೋರ್ಡಿನಿಂದ ಪಂಪ್ ರೂಮಿಗೆ ಬರುವ ದಾರಿಯಲ್ಲೇ 65 ವೋಲ್ಟ್ ಕಳೆದುಹೋಗುತ್ತಿತ್ತು.

ಕೇಬಲ್ ಹಿಡಿದು ಬಂದರೆ ಪಂಪ್ ರೂಮಿನ ಗೋಡೆಯಲ್ಲಿ, ಕ್ಲೋರಿನ್ ಡ್ರಮ್ಮಿನ ಹಿಂದೆ, ಒಂದು ಪ್ಲಾಸ್ಟಿಕ್ ಬಾಕ್ಸು. ಮೇನ್ ಇಳಿಸಿ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಅಲ್ಯೂಮಿನಿಯಂ ಕೇಬಲಿಗೆ ತಾಮ್ರದ ವಯರ್ ಸುತ್ತಿ ಟೇಪ್ ಹಾಕಿದ ಜಾಯಿಂಟು. ಫೇಸ್ ಹೇಗೋ ಉಳಿದಿತ್ತು. ನ್ಯೂಟ್ರಲ್ ಮೇಲೆ ಹಸಿರು ಪಾಚಿಯ ಹಾಗೆ ತುಕ್ಕು, ಅಲ್ಯೂಮಿನಿಯಂ ಕಡೆ ಬಿಳಿ ಪುಡಿ, ಟೇಪು ಕರಗಿ ಅಂಟಾಗಿತ್ತು. ಕ್ಲೋರಿನ್ ಹಬೆ, ಮಳೆಗಾಲದ ತೇವ, ಎರಡು ಲೋಹದ ಸಂಗ. ಇಷ್ಟು ಸೇರಿದರೆ ಯಾವ ಜಾಯಿಂಟೂ ಬಾಳುವುದಿಲ್ಲ.

ಜಾಯಿಂಟಿಗೆ ತೇಪೆ ಹಾಕಲು ನಾನು ಒಪ್ಪಲಿಲ್ಲ. ಬೋರ್ಡಿನಿಂದ ಪಂಪಿನವರೆಗೆ 4 ಚದರ ಮಿಲಿಮೀಟರ್ ತಾಮ್ರದ ಕೇಬಲ್, ನಡುವೆ ಒಂದೂ ಗಂಟಿಲ್ಲದೆ, ಅರ್ತ್ ವಯರ್ ಸಮೇತ ಎಳೆದೆವು. ಕರೆಂಟ್ ಸೋರಿದರೆ ತಕ್ಷಣ ಕತ್ತರಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೂ ಅಲ್ಲಿರಲಿಲ್ಲ. ಖರ್ಚಿನ ಮಾತೆತ್ತಿದಾಗ ಗೌಡರು ಮುಖ ಸಣ್ಣಗೆ ಮಾಡಿದರು. ಮಕ್ಕಳು ಇಳಿಯುವ ನೀರು, ಅದಿಲ್ಲದೆ ನಾನು ಸ್ವಿಚ್ ಹಾಕಲ್ಲ ಅಂದೆ. ಹಾಕಿಸಿದರು.

ಸ್ಟ್ರೈನರಿಗೆ ನೀರು ತುಂಬಿ ಮುಚ್ಚಳ ಬಿಗಿದು (ಒಣಗಿದ್ದಾಗ ಓಡಿಸಿದರೆ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸುಡುತ್ತದೆ) ಸ್ವಿಚ್ ಒತ್ತಿದೆ. ತಕ್ಷಣ ಎದ್ದಿತು. ವಯರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರಿನಲ್ಲಿ 7.2 ಆಂಪಿಯರ್; ನೇಮ್ ಪ್ಲೇಟಿನ ಮಿತಿ 8.5, ಅದರೊಳಗೇ ಇತ್ತು.

"ಹಂಗಾದ್ರೆ ಆ ಹೊಸ ಕೆಪ್ಯಾಸಿಟರ್ ದಂಡವಾಯ್ತಲ್ಲ?" ಅಂದರು ಗೌಡರು. ಮೂಲೆಯಲ್ಲಿ ಬಿದ್ದಿದ್ದ ಹಳೆಯದನ್ನು ಎತ್ತಿ ಅಳೆದು ತೋರಿಸಿದೆ: 28. ಅದೂ ಸೋತಿತ್ತು, ಬದಲಾಯಿಸಿದ್ದು ಸರಿಯೇ. ಅಲ್ಲಿಗೇ ನಿಲ್ಲಿಸಿದ್ದು ತೊಂದರೆ.

ಡ್ರಮ್ಮುಗಳನ್ನು ಗಾಳಿಯಾಡುವ ಬೇರೆ ಶೆಡ್ಡಿಗೆ ಸಾಗಿಸಿದೆವು, ಆಸಿಡ್ ಕ್ಯಾನನ್ನು ಕ್ಲೋರಿನ್‌ನಿಂದ ದೂರ ಇನ್ನೊಂದು ಕಡೆ. ಅವೆರಡು ಬೆರೆತರೆ ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕಾಲು ಗಂಟೆ ಪಂಪ್ ಓಡಿಸುವ ಕೆಲಸ ಈಗ ಗೌಡರ ಮಗನದು.