ಬೋಲ್ಟ್ ಬಿಚ್ಚಲು ಬಂದವನು ನೀರಿಗಿಳಿದೆ

ನಾನು ಡೈವರ್, ನೀರಿನಡಿ ರಿಪೇರಿ ಕೆಲಸ ಮಾಡುವವನು. ಊರಿಗೆ ಹೋದಾಗಲೆಲ್ಲ ಕಟ್ಟೆ ಮೇಲೆ ಕೂತವರದು ಒಂದೇ ಪ್ರಶ್ನೆ: "ಎಷ್ಟ್ ನಿಮಿಷ ಉಸಿರು ಹಿಡೀತಿಯೋ ತಮ್ಮಾ?" ಹಿಡಿಯುವುದೇ ಇಲ್ಲ ಅಂದರೆ ನಂಬಲ್ಲ. ಮೇಲೆ ಬರುವಾಗ ಉಸಿರು ಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಗೆ ಸೇರುವ ಗಳಗನಾಥದ ಹತ್ತಿರ. ಈಜು ಹೊಳೆಯಲ್ಲೇ ಕಲಿತೆ. ಆದರೆ ನನಗೆ ಡೈವರ್ ಕೆಲಸ ಸಿಕ್ಕಿದ್ದು ವೆಲ್ಡಿಂಗ್‌ನಿಂದ. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ, ಗೋಕುಲ ರೋಡಿನ ಒಂದು ಶೆಡ್‌ನಲ್ಲಿ ಮೂರು ವರ್ಷ ದುಡಿದೆ. ಒಮ್ಮೆ ಬ್ಯಾರೇಜ್ ಗೇಟ್ ರಿಪೇರಿಗೆ ಹೋದಾಗ ಅಲ್ಲಿದ್ದ ಡೈವರ್ ಅಣ್ಣ ಹೇಳಿದರು: "ಕೈಕೆಲಸ ನಿನಗ ಬರ್ತದ. ನೀರಿಂದು ಕಲೀಬಹುದು."

ಕೋರ್ಸಿಗೆ ಸಾಲ ಮಾಡುವ ಮೊದಲು ಮೆಡಿಕಲ್ ಮಾಡಿಸಿ. ನನ್ನ ಜೊತೆಯವನೊಬ್ಬ ಫೀಸ್ ಕಟ್ಟಿದ ಮೇಲೆ ಕಿವಿ ಪರೀಕ್ಷೆಯಲ್ಲಿ ಫೇಲಾದ. ದುಡ್ಡು ವಾಪಸ್ ಬರಲಿಲ್ಲ.

ಕೋರ್ಸ್ ಮುಗಿದ ಮೇಲೂ ತಿಂಗಳುಗಟ್ಟಲೆ ನಾನು ದಡದಲ್ಲೇ ಇದ್ದೆ, ಟೆಂಡರ್ ಆಗಿ. ಅಂದರೆ ಮೇಲೆ ನಿಂತು ಡೈವರ್‌ನ ಪೈಪು ನೋಡಿಕೊಳ್ಳುವ ಸಹಾಯಕ. ಮೇಲಿನ ಕಂಪ್ರೆಸರ್‌ನಿಂದ ಡೈವರ್‌ಗೆ ಗಾಳಿ ಪೈಪು ಹೋಗುತ್ತದೆ. ಅದರ ಜೊತೆ ಮಾತಿನ ವೈರು, ಆಳ ಅಳೆಯುವ ಸಣ್ಣ ಪೈಪು. ಎಲ್ಲ ಸೇರಿಸಿ ಕಟ್ಟಿದ್ದಕ್ಕೆ ಅಂಬಿಲಿಕಲ್ ಅಂತಾರೆ, ಅಂದರೆ ಹೊಕ್ಕುಳಬಳ್ಳಿ. ಹೆಸರು ಸುಮ್ನೆ ಇಟ್ಟಿಲ್ಲ. ಬೆನ್ನಿನ ಸಿಲಿಂಡರ್ ಇರುವುದು ಮೇಲಿನ ಗಾಳಿ ನಿಂತರೆ ಮಾತ್ರ.

ಮೊದಲ ಕೆಲಸ ಗೇಟಿನ ರಬ್ಬರ್ ಸೀಲ್ ಬದಲಿಸುವುದು. ಕೆಳಗೆ ಹೂಳು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಬೆರಳಲ್ಲೇ ತಡವಿ ಬೋಲ್ಟ್ ಎಣಿಸಿದೆ: ಒಂದು, ಎರಡು, ಮೂರನೆಯದು ಸವೆದಿದೆ. ಸ್ಪ್ಯಾನರ್ ಜಾರಿ ಹೂಳು ಸೇರಿತು. ಅಂದಿನಿಂದ ಉಪಕರಣಗಳನ್ನೆಲ್ಲ ಮಣಿಕಟ್ಟಿಗೆ ದಾರ ಕಟ್ಟಿಕೊಂಡೇ ಇಳಿಯುತ್ತೇನೆ. ಅಷ್ಟರಲ್ಲಿ ಸಂದಿಯೊಂದು ಕೈಗವಸಿನ ತುದಿಯನ್ನು ಮೆಲ್ಲಗೆ ಒಳಗೆಳೆಯಿತು. ಹೇಳಿದ ತಕ್ಷಣ ಸೂಪರ್‌ವೈಸರ್ "ಹಿಂದೆ ಸರಿ, ಮೇಲೆ ಬಾ" ಅಂದರು. ಗೇಟಿನ ಆಚೆ ನೀರಿಲ್ಲದಿದ್ದರೆ, 10 ಮೀಟರ್ ಆಳದಲ್ಲಿ ಅಂಗೈ ಅಗಲದ ತೂತಿನ ಮೇಲೆ ಸುಮಾರು 100 ಕಿಲೋ ಒತ್ತಡ ಬೀಳುತ್ತದೆ. ಕೈ ಸಿಕ್ಕರೆ ಎಳೆದುಕೊಳ್ಳೋಕೆ ಆಗಲ್ಲ. ಬೇಗ ಮೇಲೆ ಬಂದರೆ ಮೈಯೊಳಗೆ ಗಾಳಿಗುಳ್ಳೆ ಏಳುವ ಬೆಂಡ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ಟೇಬಲ್ ಇದೆ, ಅಂದರೆ ಎಲ್ಲಿ ಎಷ್ಟು ಹೊತ್ತು ತಡೆಯಬೇಕು ಅನ್ನುವ ಪಟ್ಟಿ; ಅದರ ಪ್ರಕಾರ ತಡೆದು ತಡೆದು ಮೇಲೆ ಬಂದರೆ ಅಪಾಯ ತೀರಾ ಕಡಿಮೆ. ನನಗೆ ಜಾಸ್ತಿ ಹೆದರಿಕೆ ಈ ಸಂದಿಗಳದ್ದೇ.

ಈಗ ಮುಂಬೈ ಕಡೆ ಸಮುದ್ರದಲ್ಲಿ ಕೆಲಸ. ದಿನದ ಲೆಕ್ಕದಲ್ಲಿ ದುಡ್ಡು ಚೆನ್ನಾಗಿದೆ. ಆದರೆ ಮುಂಗಾರಿಗೆ ಅರಬ್ಬಿ ಸಮುದ್ರ ಎದ್ದರೆ ನನ್ನಂಥವರಿಗೆ ಕೆಲಸ ಇಲ್ಲ, ಸಂಬಳವೂ ಇಲ್ಲ. ಜೂನ್‌ನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಬರುತ್ತೇನೆ. ಗೋಕುಲ ರೋಡಿನ ಅದೇ ಶೆಡ್‌ನಲ್ಲಿ ಸೆಪ್ಟೆಂಬರ್‌ವರೆಗೆ ಗೇಟ್ ವೆಲ್ಡಿಂಗ್.