ಮಾರಾಟಕ್ಕಿಲ್ಲದ ತರಕಾರಿ ಅಂಗಡಿ

ಕಾಗದದ ತರಕಾರಿಗಳ ಅಂಗಡಿಯೊಂದನ್ನು ಬಯಲಿನಲ್ಲಿ ನೋಡುಗರಿಗಾಗಿ ಕಲಾಕೃತಿಯಂತೆ ನಿಲ್ಲಿಸುವುದಾದರೆ, ಮೊದಲು ಮಾಡಬೇಕಾದದ್ದು ತರಕಾರಿಯಲ್ಲ, ಅದನ್ನಿಡುವ ಕಟ್ಟೆ. ಹಲಗೆಯನ್ನು ನೋಡುಗರ ಕಡೆಗೆ ಸುಮಾರು 20 ಡಿಗ್ರಿ ಇಳಿಜಾರಾಗಿಸಿ, ಕಾಯಿಗಳು ಉರುಳದಂತೆ ಮುಂದಿನ ಅಂಚಿಗೆ ಮರದ ಪಟ್ಟಿ ಹೊಡೆಯಿರಿ. ಕಾಲುಗಳಿಗೆ ಮರಳಿನ ಚೀಲ ಕಟ್ಟಿ. ಇಲ್ಲದಿದ್ದರೆ ನೆರಳಿಗೆಂದು ಮೇಲೆ ಕಟ್ಟಿದ ಬಟ್ಟೆ ಗಾಳಿಗೆ ಹಾಯಿಯಂತೆ ಉಬ್ಬಿ ಕಟ್ಟೆಯನ್ನೇ ಉರುಳಿಸಬಹುದು. ಜಾಗದ ಅನುಮತಿಯನ್ನು ಬರಹದಲ್ಲಿಯೇ ಪಡೆಯಿರಿ.

ಇನ್ನು ಬದನೆಕಾಯಿ. ನನ್ನ ಪ್ರಕಾರ ಇಡೀ ಅಂಗಡಿಯ ಮಾನ ಉಳಿಸುವುದು ಅದೇ. ಉದ್ದನೆಯ ಬಲೂನನ್ನು ಅರ್ಧ ಊದಿ, ಹಳೆಯ ಪತ್ರಿಕೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ ಹಚ್ಚಿ. ಕತ್ತರಿ ಬೇಡ, ಕೈಯಿಂದ ಹರಿಯಿರಿ: ಹರಿದ ಅಂಚುಗಳು ಒಂದರೊಳಗೊಂದು ಕರಗಿ ಗೆರೆ ಕಾಣುವುದಿಲ್ಲ. ಎರಡು ಪದರಕ್ಕೊಮ್ಮೆ ಪೂರ್ತಿ ಒಣಗಿಸಿ. ನಾನೊಮ್ಮೆ ಅವಸರಪಟ್ಟು, ಕುಂಬಳಕಾಯಿಯೊಳಗೆ ಬೂಸ್ಟು ಬೆಳೆದು, ಅದು ನಿಜವಾದ ಕುಂಬಳದಂತೆಯೇ ಕೊಳೆತು ನಾರಿತು. ಮೈದಾ ಅಂಟಿಗೆ ಇರುವೆ, ಇಲಿಗಳೂ ಬರುತ್ತವೆ. ಬಯಲಿನಲ್ಲಿಡುವುದಾದರೆ ಮರಗೆಲಸದ ಬಿಳಿ ಅಂಟಿಗೆ ಅರ್ಧ ಪಾಲು ನೀರು ಬೆರೆಸಿ ಬಳಸಿ.

ಬದನೆಗೆ ಬರೀ ಕಪ್ಪು ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಕಡು ನೇರಳೆಯ ಮೇಲೆ ತೆಳು ನೀಲಿ, ತೊಟ್ಟಿನ ಬುಡದಲ್ಲಷ್ಟೇ ಬಿಳಿಚಿದ ಹಸಿರು ಕೊಟ್ಟು ನೋಡಿ. ಎದುರಿಗಿದ್ದವರ ಕೈ ತಾನಾಗಿ ಮುಂದೆ ಬರುತ್ತದೆ. ಒಂದೆರಡಕ್ಕೆ ಹುಳು ಕೊರೆದ ತೂತೂ ಇರಲಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಎರಡು ಸಲ ವಾರ್ನಿಷ್.

ಮಕ್ಕಳು ಮುಟ್ಟಿಯೇ ಮುಟ್ಟುತ್ತಾರೆ, ಕೆಲವರು ಕಚ್ಚಲೂಬಹುದು. ಬಣ್ಣ ವಿಷರಹಿತವಾಗಿರಲಿ. ಮೇಲಿನ ಸಾಲಿನ ಕಾಯಿಗಳನ್ನು ತಳದಿಂದ ತಂತಿ ಪೋಣಿಸಿ ಹಲಗೆಗೆ ಬಿಗಿಯಿರಿ, ಕೆಳಗಿನದನ್ನು ಎತ್ತಿಕೊಳ್ಳಲು ಬಿಡಿ. ಪಕ್ಕದಲ್ಲೊಂದು ತಕ್ಕಡಿ: ಒಂದು ತಟ್ಟೆಯಲ್ಲಿ ಕಾಗದದ ಟೊಮೆಟೊ, ಇನ್ನೊಂದರಲ್ಲಿ ನಿಜವಾದ ಕಲ್ಲು.