ಕ್ರೀಡಾಕೂಟದ ‘ಆರ್ಥಿಕ ಲಾಭ’ದ ವರದಿಯನ್ನು ಓದುವ ಬಗೆ

ದೊಡ್ಡ ಕ್ರೀಡಾಂಗಣವನ್ನೋ ಅಂತರರಾಷ್ಟ್ರೀಯ ಕ್ರೀಡಾಕೂಟವನ್ನೋ ಸಾರ್ವಜನಿಕ ಹಣದಲ್ಲಿ ಕೈಗೊಳ್ಳುವ ಪ್ರಸ್ತಾವ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ವರದಿಯೂ ಬರುತ್ತದೆ. ಇಷ್ಟು ಸಾವಿರ ಕೋಟಿಯ ವಹಿವಾಟು, ಇಷ್ಟು ಸಾವಿರ ಉದ್ಯೋಗ, ಇಷ್ಟು ಲಕ್ಷ ಪ್ರವಾಸಿಗರು ಎಂಬ ಅಂಕಿಗಳು ಅದರ ಮೊದಲ ಪುಟದಲ್ಲೇ ರಾರಾಜಿಸುತ್ತವೆ. ಅದನ್ನು ಓದಲು ಅರ್ಥಶಾಸ್ತ್ರದ ಪದವಿಯೇನೂ ಬೇಕಿಲ್ಲ. ಯಾವ ಅಂಕಿಗೆ ಯಾವ ಪ್ರಶ್ನೆ ಹಾಕಬೇಕೆಂಬುದು ತಿಳಿದಿದ್ದರೆ ಸಾಕು.

ವರದಿಯನ್ನು ಬರೆಸಿದವರು ಯಾರು ಎಂಬುದನ್ನು ಮೊದಲು ನೋಡಿಕೊಳ್ಳಿ. ಕೂಟವನ್ನು ತರಲು ಹೊರಟವರೇ ಸಲಹಾ ಸಂಸ್ಥೆಗೆ ಶುಲ್ಕ ತೆತ್ತು ಬರೆಸಿದ್ದರೆ ಅದು ಸುಳ್ಳೆಂದೇನೂ ಆಗುವುದಿಲ್ಲ, ಆದರೆ ಅನುಮಾನ ಬಂದ ಕಡೆಯಲ್ಲೆಲ್ಲ ಲೆಕ್ಕ ಯಾವ ದಿಕ್ಕಿಗೆ ವಾಲಿರಬಹುದು ಎಂಬುದು ಗೊತ್ತಾಗುತ್ತದೆ.

ಅನಂತರ ಪ್ರೇಕ್ಷಕರ ಸಂಖ್ಯೆಗೆ ಬನ್ನಿ. ನಿಧಾನವಾಗಿ ಓದಬೇಕಾದ ಭಾಗ ಇದೇ. ಕೂಟಕ್ಕೆ 1 ಲಕ್ಷ ಜನ ಬರುತ್ತಾರೆಂದು ವರದಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಅವರಲ್ಲಿ 60,000 ಮಂದಿ ಅದೇ ಊರಿನವರಾಗಿದ್ದರೆ ಅವರು ಟಿಕೆಟ್ಟಿಗೆ ಕೊಟ್ಟ ಹಣ ಹೊಸದಲ್ಲ. ಕ್ರೀಡಾಕೂಟ ಇಲ್ಲದಿದ್ದರೆ ಅದು ಸಿನಿಮಾಕ್ಕೋ ಹೋಟೆಲ್ಲಿಗೋ ಬಟ್ಟೆಗೋ ಅದೇ ಊರಿನಲ್ಲಿ ಖರ್ಚಾಗುತ್ತಿತ್ತು. ಉಳಿದ 40,000 ಮಂದಿಯಲ್ಲಿ 15,000 ಮಂದಿ ಹೇಗೂ ಆ ಊರಿಗೆ ಬರುವವರಿದ್ದು, ಪ್ರವಾಸದ ದಿನಾಂಕವನ್ನು ಮಾತ್ರ ಕೂಟಕ್ಕೆ ಹೊಂದಿಸಿಕೊಂಡಿರಬಹುದು. ಹೀಗೆ ಉಳಿಯುವವರು 25,000. ಇನ್ನು ಜನಜಂಗುಳಿಗೂ ಏರಿದ ಕೊಠಡಿ ಬಾಡಿಗೆಗೂ ಹೆದರಿ, ಪ್ರತಿವರ್ಷ ಬರುತ್ತಿದ್ದ 10,000 ಪ್ರವಾಸಿಗರು ಆ ವರ್ಷ ಬಾರದೇ ಹೋದರೆ ನಿವ್ವಳವಾಗಿ ಸಿಗುವುದು 15,000 ಮಂದಿಯ ಖರ್ಚು ಮಾತ್ರ. ಈ ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು, ಆದರೆ ಕಳೆಯುವ ಕ್ರಮ ಯಾವ ಊರಿಗಾದರೂ ಇದೇ. ವರದಿಯಲ್ಲಿ ಈ ಮೂರು ಕಳೆಯುವಿಕೆಗಳು ಕಾಣದಿದ್ದರೆ ಅದು ಒಟ್ಟು ಲೆಕ್ಕವನ್ನೇ ನಿವ್ವಳವೆಂದು ತೋರಿಸುತ್ತಿದೆ ಎಂದರ್ಥ.

ಪ್ರವಾಸಿಗರು ಬಾರದೇ ಹೋಗುವುದು ಕೇವಲ ಊಹೆಯಲ್ಲ. ಒಲಿಂಪಿಕ್ಸ್ ನಡೆದ 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ 5ರಷ್ಟು ಇಳಿಯಿತು. ಬಂದವರು ಮಾಡಿದ ಒಟ್ಟು ಖರ್ಚು ಹೆಚ್ಚಿತು ಎಂಬುದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಇವೆರಡರಲ್ಲಿ ತನಗೆ ಅನುಕೂಲವಾದುದನ್ನಷ್ಟೇ ಎತ್ತಿ ಹೇಳುವ ವರದಿಗಳು, ಪರ ವಿರೋಧ ಎರಡೂ ಕಡೆ, ಬೇಕಾದಷ್ಟಿವೆ.

ಇದಾದ ಮೇಲೆ ಗುಣಕವನ್ನು ಹುಡುಕಿ. ಹೊರಗಿನಿಂದ ಬಂದ ಒಂದು ರೂಪಾಯಿ ಊರಿನೊಳಗೆ ಕೈಯಿಂದ ಕೈಗೆ ದಾಟುತ್ತ ಒಟ್ಟು ಎಷ್ಟು ರೂಪಾಯಿ ವರಮಾನವಾಗುತ್ತದೆ ಎಂಬುದೇ ಗುಣಕ. ಪ್ರತಿ ಸುತ್ತಿನಲ್ಲೂ ಶೇ 60ರಷ್ಟು ಹಣ ಊರಲ್ಲೇ ಮತ್ತೆ ಖರ್ಚಾಗುತ್ತದೆ ಎಂದು ಭಾವಿಸಿದರೆ ಗುಣಕ 2.5 ಆಗುತ್ತದೆ; ಶೇ 20 ಮಾತ್ರ ಎಂದರೆ ಅದು 1.25ಕ್ಕೆ ಇಳಿಯುತ್ತದೆ. ಆ ಒಂದು ಊಹೆಯಲ್ಲೇ ಲಾಭ ಇಮ್ಮಡಿಯೂ ಆಗಬಹುದು, ಅರ್ಧವೂ ಆಗಬಹುದು. ದೊಡ್ಡ ಕೂಟಗಳಲ್ಲಿ ಪ್ರಸಾರ ಹಕ್ಕಿನ ಹಣದ ಬಹುಪಾಲು ಅಂತರರಾಷ್ಟ್ರೀಯ ಒಕ್ಕೂಟಗಳ ಹಿಡಿತದಲ್ಲಿರುತ್ತದೆ, ಸರಣಿ ಹೋಟೆಲುಗಳ ಲಾಭ ಎಲ್ಲೋ ಇರುವ ಮಾಲೀಕರಿಗೆ ತಲುಪುತ್ತದೆ, ವೃತ್ತಿಪರ ಆಟಗಾರರ ಸಂಭಾವನೆ ಅವರವರ ಊರಿಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಸೋರಿಕೆ ಸಾಮಾನ್ಯ ವ್ಯಾಪಾರಕ್ಕಿಂತ ಹೆಚ್ಚು. ಗುಣಕ 2ನ್ನು ಮೀರಿದ್ದರೆ ಅದು ಎಲ್ಲಿಂದ ಬಂತೆಂದು ಕೇಳಿಯೇ ಮುಂದಕ್ಕೆ ಹೋಗಬೇಕು.

ಉದ್ಯೋಗದ ಅಂಕಿಗೆ ಹೆಚ್ಚು ಹೊತ್ತು ಬೇಕಿಲ್ಲ. 1,000 ಕಾರ್ಮಿಕರು 5 ವರ್ಷ ದುಡಿದರೆ ಅದನ್ನು 5,000 ಉದ್ಯೋಗ ಎಂದು ಅಚ್ಚು ಮಾಡುವ ಅಭ್ಯಾಸವಿದೆ. ಅವು ಉದ್ಯೋಗಗಳೋ ಉದ್ಯೋಗ-ವರ್ಷಗಳೋ ಎಂದು ಅಡಿಟಿಪ್ಪಣಿಯಲ್ಲಿ ಹುಡುಕಿ. ಅದಕ್ಕಿಂತ ದೊಡ್ಡ ದೋಷವೆಂದರೆ ನಿರ್ಮಾಣದ ವೆಚ್ಚವನ್ನು ಲಾಭದ ಪಟ್ಟಿಗೆ ಸೇರಿಸುವುದು. ತೆರಿಗೆ ಹಣದಲ್ಲಿ ಕಟ್ಟಿದ ಕಟ್ಟಡಕ್ಕೆ ಸುರಿದ ಕೋಟಿಗಳು ಖರ್ಚೇ ಹೊರತು ಗಳಿಕೆಯಲ್ಲ. ಅದೇ ಹಣ ಶಾಲೆಗೋ ಚರಂಡಿಗೋ ಹೋಗಿದ್ದರೂ ಅಷ್ಟೇ ಕಾರ್ಮಿಕರಿಗೆ ಕೆಲಸ ಸಿಗುತ್ತಿತ್ತು.

ವೆಚ್ಚದ ಅಂದಾಜನ್ನು ಯಾವ ವರ್ಷದ್ದೆಂದು ನೋಡದೆ ನಂಬಬಾರದು. ಲಂಡನ್ನಿನ ಕಥೆಯನ್ನೇ ನೋಡಿ: 2005ರಲ್ಲಿ ಕೂಟ ದಕ್ಕುವ ಹೊತ್ತಿಗೆ ಹೇಳಲಾಗಿದ್ದ ವೆಚ್ಚ ಸುಮಾರು 240 ಕೋಟಿ ಪೌಂಡ್, 2007ರಲ್ಲಿ ಅದನ್ನು ಸುಮಾರು 930 ಕೋಟಿ ಪೌಂಡಿಗೆ ಏರಿಸಲಾಯಿತು, ಕೊನೆಗೆ ಸುಮಾರು 877 ಕೋಟಿ ಖರ್ಚಾದಾಗ ಬಜೆಟ್ಟಿನೊಳಗೇ ಮುಗಿಯಿತು ಎಂದು ಬೆನ್ನು ತಟ್ಟಿಕೊಳ್ಳಲಾಯಿತು. ಹೋಲಿಸಬೇಕಾದದ್ದು ನಿರ್ಧಾರ ಕೈಗೊಂಡ ದಿನದ ಅಂಕಿಯೊಂದಿಗೆ. 1960ರಿಂದೀಚಿನ ಒಲಿಂಪಿಕ್ಸ್‌ಗಳನ್ನು ಪರಿಶೀಲಿಸಿ ಆಕ್ಸ್‌ಫರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣದುಬ್ಬರ ಕಳೆದ ಮೇಲೂ ಸರಾಸರಿ ವೆಚ್ಚಾಧಿಕ್ಯ ಶೇ 172ರಷ್ಟಿತ್ತು. 1976ರ ಕೂಟಕ್ಕಾಗಿ ಮಾಂಟ್ರಿಯಲ್ ಮಾಡಿದ ಸಾಲ ತೀರಿದ್ದು 2006ರಲ್ಲಿ, ಅದೂ ತಂಬಾಕಿನ ಮೇಲೆ ಹೇರಿದ ವಿಶೇಷ ತೆರಿಗೆಯ ನೆರವಿನಿಂದ. ಭದ್ರತೆ, ಭೂಮಿಯ ಬೆಲೆ, ತೆರಿಗೆ ವಿನಾಯಿತಿ, ಕೂಟ ಮುಗಿದ ಮೇಲಿನ ವಾರ್ಷಿಕ ನಿರ್ವಹಣೆ, ಇವು ನಾಲ್ಕೂ ಪಟ್ಟಿಯಲ್ಲಿವೆಯೇ ಎಂದು ಗುರುತು ಹಾಕಿಕೊಂಡು ನೋಡಿ. ಸಾಮಾನ್ಯವಾಗಿ ಕೊನೆಯದೇ ಇರುವುದಿಲ್ಲ.

ಇಷ್ಟಾದರೂ ಲೆಕ್ಕ ಏರುಪೇರಾಗಿ ಕಂಡರೆ, ಹಿಂದೆ ನಡೆದುದರ ಮೇಲಿನ ಅಧ್ಯಯನಗಳೊಂದಿಗೆ ತಾಳೆ ನೋಡಬೇಕು. 1994ರ ಆಗಸ್ಟ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದ್ದರಿಂದ ಆ ಋತುವಿನ ಉಳಿದ ಪಂದ್ಯಗಳೆಲ್ಲ ರದ್ದಾದವು. ತಂಡಗಳು ನಗರಕ್ಕೆ ಅಷ್ಟೊಂದು ಸಂಪತ್ತು ತರುತ್ತಿದ್ದರೆ ಆ ನಗರಗಳ ವರಮಾನ ಕುಸಿಯಬೇಕಿತ್ತು. ಸಂಶೋಧಕರು ಹುಡುಕಿದಾಗ ಅಂಥ ಕುಸಿತ ಕಾಣಲಿಲ್ಲ. 2017ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವೇದಿಕೆಯೊಂದು ಹೆಸರಾಂತ ಅರ್ಥಶಾಸ್ತ್ರಜ್ಞರ ಅಭಿಪ್ರಾಯ ಕೇಳಿದಾಗ, ವೃತ್ತಿಪರ ತಂಡಗಳ ಕ್ರೀಡಾಂಗಣಕ್ಕೆ ಕೊಡುವ ಸಹಾಯಧನದ ಭಾರ ಅದರಿಂದ ಸ್ಥಳೀಯರಿಗಾಗುವ ಲಾಭಕ್ಕಿಂತ ಹೆಚ್ಚಾಗುವ ಸಂಭವವಿದೆ ಎಂದು ಶೇ 80ಕ್ಕೂ ಹೆಚ್ಚು ಮಂದಿ ಒಪ್ಪಿದರು. ಅರ್ಥಶಾಸ್ತ್ರಜ್ಞರು ಇಷ್ಟು ಒಮ್ಮತಕ್ಕೆ ಬರುವ ವಿಷಯಗಳು ಹೆಚ್ಚಿಲ್ಲ.

ಹಾಗೆಂದು ಎಲ್ಲವನ್ನೂ ಹಣದಲ್ಲೇ ಅಳೆದು ತಿರಸ್ಕರಿಸುವುದೂ ಸರಿಯಲ್ಲ. ತನ್ನ ಊರಿನಲ್ಲಿ ವಿಶ್ವಮಟ್ಟದ ಆಟ ನಡೆಯಿತೆಂಬ ಹೆಮ್ಮೆ ನಿಜವಾದ ಲಾಭವೇ, ಉದ್ಯಾನಕ್ಕೆ ಖರ್ಚು ಮಾಡುವಾಗ ನಾವು ಆದಾಯ ಕೇಳುವುದಿಲ್ಲ. ಹಬ್ಬವೆಂದು ಹೇಳಿ ಹಣ ಕೇಳಿದರೆ, ಅಷ್ಟು ಕೊಡಲು ಜನ ಒಪ್ಪುವರೇ ಎಂದು ಅವರನ್ನೇ ಕೇಳಬಹುದು. 1972ರಲ್ಲಿ ಕೊಲರಾಡೊ ರಾಜ್ಯದ ಮತದಾರರು ಹಣ ಕೊಡಲು ಒಪ್ಪದ ಕಾರಣ ಡೆನ್ವರ್ ತನಗೆ ದಕ್ಕಿದ್ದ 1976ರ ಚಳಿಗಾಲದ ಒಲಿಂಪಿಕ್ಸ್ ಅನ್ನು ಬಿಟ್ಟುಕೊಟ್ಟಿತು. ನನ್ನ ತಕರಾರಿರುವುದು ಹಬ್ಬವನ್ನು ಹೂಡಿಕೆಯೆಂದು ಕರೆಯುವುದಕ್ಕೆ. ಮಕ್ಕಳು ಮೈದಾನಕ್ಕೆ ಬರುತ್ತಾರೆಂಬ ವಾದವಿದ್ದರೆ, ಅಷ್ಟೇ ಹಣವನ್ನು ಮೈದಾನ, ತರಬೇತುದಾರರು ಮತ್ತು ಶಾಲಾ ಕ್ರೀಡೆಗೆ ನೇರವಾಗಿ ಕೊಟ್ಟರೆ ಏನಾಗುತ್ತದೆಂಬ ಹೋಲಿಕೆಯನ್ನೂ ವರದಿ ಕೊಡಬೇಕು.

ಕಡೆಯದಾಗಿ ಒಪ್ಪಂದದ ಕರಡನ್ನು ಕೇಳಿ ಪಡೆದು, ವೆಚ್ಚ ಮೀರಿದರೆ ಯಾರು ಹೊರಬೇಕೆಂಬ ಷರತ್ತನ್ನು ಓದಿ. 1984ರ ಒಲಿಂಪಿಕ್ಸ್‌ಗೆ ಕೊನೆಯವರೆಗೂ ಕಣದಲ್ಲಿ ಉಳಿದ ನಗರ ಲಾಸ್ ಏಂಜಲೀಸ್ ಒಂದೇ ಆಗಿದ್ದರಿಂದ ಅದಕ್ಕೆ ಚೌಕಾಸಿ ಮಾಡುವ ಬಲವಿತ್ತು. ನಷ್ಟದ ಹೊಣೆ ನಗರದ ಖಜಾನೆಗೆ ಬಾರದಂತೆ ಅದು ನೋಡಿಕೊಂಡಿತು, 1932ರ ಕೂಟ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಬಳಸಿತು, 20 ಕೋಟಿ ಡಾಲರಿಗೂ ಹೆಚ್ಚು ಮಿಗತೆ ಉಳಿಸಿತು. ಹಲವು ನಗರಗಳು ಪೈಪೋಟಿಗೆ ಬಿದ್ದಾಗ ಆ ಬಲ ಕೂಟದ ಒಡೆಯರ ಪಾಲಾಗುತ್ತದೆ. ಸಹಿ ಬಿದ್ದ ಮೇಲೆ ಹಿಂದೆಗೆಯುವುದೂ ಅಗ್ಗವಲ್ಲ: 2026ರ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ 2023ರ ಜುಲೈನಲ್ಲಿ ಹಿಂದೆ ಸರಿದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಪರಿಹಾರವೆಂದು ತೆತ್ತ 38 ಕೋಟಿ ಆಸ್ಟ್ರೇಲಿಯನ್ ಡಾಲರನ್ನೂ ಸೇರಿಸಿ, ನಡೆಯದ ಕೂಟಕ್ಕೆ 58 ಕೋಟಿಗೂ ಹೆಚ್ಚು ಡಾಲರ್ ಕಳೆದುಕೊಂಡಿತೆಂದು ಅಲ್ಲಿನ ಲೆಕ್ಕ ಪರಿಶೋಧಕರು ಕಂಡುಕೊಂಡರು. ಆದ್ದರಿಂದ ಈ ಪ್ರಶ್ನೆಗಳನ್ನೆಲ್ಲ ಬಿಡ್ ಸಲ್ಲಿಸುವ ಮೊದಲೇ, ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.